ಚೀಟಿಯ ಮೂರನೇ ಸಾಲು

ವಿಶ್ವವಿದ್ಯಾಲಯದ ವಸ್ತುವಿಜ್ಞಾನ ಕೇಂದ್ರದ ನೆಲಮಹಡಿಯಲ್ಲಿ, ಕಾರಿಡಾರಿನ ಕೊನೆಯ ಕೋಣೆಯಲ್ಲಿ, ಇಪ್ಪತ್ತಾರು ವರ್ಷದಿಂದ ಮುರಿದ ಸಾಮಾನು ನೋಡುತ್ತ ಕೂತಿರುವ ಹೆಂಗಸೊಬ್ಬಳಿದ್ದಾಳೆ. ಎದುರಿಗೆ ಎಲ್ಲರೂ ಅಕ್ಕ ಅನ್ನುತ್ತಾರೆ, ಬೆನ್ನ ಹಿಂದೆ ಭೂತಗನ್ನಡಿ ಅನ್ನುತ್ತಾರೆ. ಅಡ್ಡಹೆಸರು ಅವಳಿಗೆ ಗೊತ್ತಿಲ್ಲದೆ ಏನಿಲ್ಲ. ಗೊತ್ತಿದೆ ಎಂದು ತೋರಿಸಿಕೊಂಡರೆ ಇದಕ್ಕಿಂತ ಕೆಟ್ಟದ್ದೊಂದನ್ನು ಹುಡುಕಿ ಇಡುತ್ತಾರೆಂದು ಸುಮ್ಮನಿದ್ದಾಳೆ.

ಅವಳ ಕೆಲಸ ಹೇಳಲು ಸುಲಭ. ಕಾರ್ಖಾನೆಯ ಶಾಫ್ಟೋ ಸೇತುವೆಯ ಬೋಲ್ಟೋ ಮುರಿದರೆ ತುಂಡು ಅವಳ ಮೇಜಿಗೆ ಬರುತ್ತದೆ. ಮುರಿದ ಮುಖವನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಬಿರುಕು ಎಲ್ಲಿ ಹುಟ್ಟಿತು, ಎಷ್ಟು ದಿನ ಬೆಳೆಯಿತು ಎಂದು ಓದಿ ಬರೆದುಕೊಡುತ್ತಾಳೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಕಿವಿಗೆ ಬಿದ್ದರೆ ಅವಳಿಗೆ ಸಿಟ್ಟು ಬರುತ್ತದೆ. ಮಡಕೆಯ ಮಟ್ಟಿಗೆ ಅದು ಸರಿ ಇರಬಹುದು, ಕಬ್ಬಿಣ ಹಾಗಲ್ಲ, ಅದು ಮುರಿಯಲಿಕ್ಕೂ ವರುಷವೇ ಬೇಕು, ನಾವು ನೋಡುವುದು ಕೊನೆಯ ನಿಮಿಷವನ್ನು ಮಾತ್ರ. ಹೊಸದಾಗಿ ಸೇರಿದ ಪ್ರತಿ ವಿದ್ಯಾರ್ಥಿಗೂ ಈ ಉಪದೇಶ ಒಮ್ಮೆ ಆಗಿಯೇ ಆಗುತ್ತದೆ.

ತಿಂಗಳಿಗೊಂದು ಶನಿವಾರ ಹೈಸ್ಕೂಲು ಮಕ್ಕಳಿಗಾಗಿ ಕೇಂದ್ರದ ಬಾಗಿಲು ತೆರೆಯುತ್ತದೆ. ಮೊದಲೆಲ್ಲ ಆ ಕಾರ್ಯಕ್ರಮವೆಂದರೆ ನಿರ್ದೇಶಕರ ಭಾಷಣ. ಅದರ ಹಿಂದೆಯೇ ಒಂದು ಹೂವನ್ನು ದ್ರವ ಸಾರಜನಕದಲ್ಲಿ ಅದ್ದಿ ಪುಡಿ ಮಾಡಿ ತೋರಿಸುವುದು. ಮಕ್ಕಳು ಆಕಳಿಸಿ, ಬಿಸ್ಕತ್ತು ತಿಂದು, ಮನೆಗೆ ಹೋಗುತ್ತಿದ್ದರು. ಪ್ರತಿಯೊಬ್ಬರೂ ಮನೆಯಿಂದ ಒಂದು ಮುರಿದ ವಸ್ತು ತರಲಿ, ಅದು ಹೇಗೆ ಮುರಿಯಿತೆಂದು ಅವರೇ ನೋಡಲಿ ಎಂದು ಅಕ್ಕ ಹೇಳಿ ಏಳು ವರ್ಷವಾಯಿತು. ಕಸ ಬಂದು ತುಂಬುತ್ತದಲ್ಲ ಎಂದು ನಿರ್ದೇಶಕರು ತಕರಾರು ತೆಗೆದರು. ಕಸ ಬಂದದ್ದೂ ನಿಜ. ಆದರೆ ಆಕಳಿಕೆ ನಿಂತಿತು.

ಶಾಲೆಗಳಿಗೆ ಕಳಿಸುವ ಕಾಗದದಲ್ಲಿ ಮೂರು ಮಾತು ದಪ್ಪಕ್ಷರದಲ್ಲಿ ಇರುತ್ತವೆ. ತೊಳೆಯಬೇಡಿ, ಒರೆಸಬೇಡಿ, ಎರಡು ತುಂಡನ್ನು ಕೂಡಿಸಿ ನೋಡಬೇಡಿ. ಮುರಿದ ಮುಖ ಉಜ್ಜಿಹೋದರೆ ಓದಲು ಏನೂ ಉಳಿಯುವುದಿಲ್ಲ. ಯಾರು ಕೇಳುತ್ತಾರೆ? ಮಗು ದೊಡ್ಡ ಕಟ್ಟಡಕ್ಕೆ ಹೋಗುತ್ತಿದೆ ಎಂದು ಅಮ್ಮಂದಿರು ಸೋಪು ಹಚ್ಚಿ ತೊಳೆದು, ಒಣಗಿಸಿ, ಹೊಸ ಚೀಲದಲ್ಲಿ ಹಾಕಿ ಕಳಿಸುತ್ತಾರೆ.

ನೋಡಿಯಾದ ಮೇಲೆ ಪ್ರತಿ ಮಗುವಿಗೂ ಒಂದು ಚೀಟಿ. ಅದರಲ್ಲಿ ಮೂರು ಸಾಲಿಗೆ ಜಾಗ. ಎಲ್ಲಿ ಶುರುವಾಯಿತು? ಎಷ್ಟು ಕಾಲ ಹಿಡಿಯಿತು? ಏನು ಮಾಡಿದ್ದರೆ ಉಳಿಯುತ್ತಿತ್ತು? ಕಂಡದ್ದನ್ನು ಮಗುವೇ ಬರೆಯಬೇಕು. ಅಕ್ಕ ಕೆಳಗೆ ಸಹಿ ಹಾಕಿ ಕೇಂದ್ರದ ಮೊಹರು ಒತ್ತುತ್ತಾಳೆ. ಯಾರು ಮುರಿದರು ಎಂಬ ಸಾಲು ಚೀಟಿಯಲ್ಲಿಲ್ಲ, ಬೇಕೆಂದೇ ಇಟ್ಟಿಲ್ಲ. ಮೊದಲ ವರ್ಷ ಇಟ್ಟಿದ್ದಳು. ಇಪ್ಪತ್ತು ಮಕ್ಕಳಲ್ಲಿ ಹದಿನೆಂಟು ಮಂದಿ 'ತಮ್ಮ' ಎಂದು ಬರೆದರು. ಉಳಿದಿಬ್ಬರಿಗೆ ತಮ್ಮ ಇರಲಿಲ್ಲ.

ಆ ಶನಿವಾರ ಮೂವತ್ತೊಂದು ಮಕ್ಕಳು ಬಂದಿದ್ದರು. ಸೈಕಲ್ ಪೆಡಲ್ಲು, ಕನ್ನಡಕದ ಕಡ್ಡಿ, ಹಿಡಿ ಹೋದ ಲೋಟಗಳು ಸಾಲುಸಾಲಾಗಿ ಮೇಜಿಗೆ ಬಂದು ಹೋದವು. ಒಬ್ಬ ಅಜ್ಜನ ಹಲ್ಲುಸೆಟ್ಟನ್ನೇ ಹಿಡಿದುಕೊಂಡು ಬಂದಿದ್ದ. ಅಜ್ಜನಿಗೆ ಗೊತ್ತೇನಪ್ಪ ಎಂದು ಅಕ್ಕ ಕೇಳಿದರೆ, ಅವರು ಮಲಗಿದ್ದರು ಎಂದ. ಬಿರುಕು ಇನ್ನೂ ಅರ್ಧಕ್ಕೆ ಬಂದಿದೆ, ಅಜ್ಜ ಏಳುವುದರೊಳಗೆ ಹೋಗಿ ಇಟ್ಟುಬಿಡು, ಗಟ್ಟಿಯದ್ದು ಕಡಿಯಬೇಡಿ ಅಂತಲೂ ಹೇಳು ಎಂದು ಅಕ್ಕ ಅವನನ್ನು ಎಲ್ಲರಿಗಿಂತ ಮೊದಲು ಸಾಗಹಾಕಿದಳು.

ಕೊನೆಗೆ ಉಳಿದವಳು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ತನ್ನ ಸರದಿ ಬಂದಾಗೆಲ್ಲ ಹಿಂದಿನವರನ್ನು ಮುಂದೆ ಬಿಟ್ಟು, ಬೇಕೆಂದೇ ಕೊನೆಗೆ ಉಳಿದಿದ್ದಳು. ಉಳಿದ ಮಕ್ಕಳು ಬಿಸ್ಕತ್ತಿಗೆಂದು ಮೇಲಿನ ಹಾಲಿಗೆ ಓಡಿದ ಮೇಲೆ ಊಟದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಡಬ್ಬಿಯೊಳಗೆ ಪ್ಲಾಸ್ಟಿಕ್ ಕವರು, ಅದರೊಳಗೆ ಇನ್ನೊಂದು ಕವರು, ಅದರೊಳಗೆ ಕಿರುಬೆರಳು ದಪ್ಪದ ಸರಳನ್ನು ಬಗ್ಗಿಸಿ ಮಾಡಿದ ಕಬ್ಬಿಣದ ಕೊಂಡಿ. ಮೈಗೆ ನೀಲಿ ಬಣ್ಣ. ಮುರಿದ ಮುಖದ ಮೇಲೆ ಧೂಳು ಕೂತ ಹಾಗೆಯೇ ಇತ್ತು.

ತೊಳೆಯದೆ ತಂದಿದ್ದೀಯಲ್ಲ ಎಂದು ಅಕ್ಕನಿಗೆ ಖುಷಿಯೋ ಖುಷಿ. ಅಪ್ಪ ಗ್ರೈಂಡರ್ ಹಿಡಿದು ಉಜ್ಜಲು ಹೊರಟಿದ್ದರು, ತಾನೇ ಬಚ್ಚಿಟ್ಟೆ ಎಂದಳು ಹುಡುಗಿ. ಆಮೇಲೆ ಒಂದೇ ಉಸಿರಿಗೆ ಉಳಿದದ್ದನ್ನೂ ಹೇಳಿದಳು.

ಅಪ್ಪ ವೆಲ್ಡರ್. ವಸತಿ ಬಡಾವಣೆಯೊಂದರ ಗೇಟಿನ ಪಕ್ಕ ನಿವಾಸಿಗಳ ಸಂಘದ ಜಾಗದಲ್ಲಿ ಅವನ ಶೆಡ್ಡು, ಶೆಡ್ಡಿನ ಹಿಂದುಗಡೆಯೇ ಮನೆ. ಬಡಾವಣೆಯ ಗೇಟು, ಮೆಟ್ಟಿಲ ಕಂಬಿ, ಮಕ್ಕಳ ಉಯ್ಯಾಲೆ ಎಲ್ಲ ಅವನದೇ ಕೈಕೆಲಸ. ಮೂರು ವಾರದ ಹಿಂದೆ ಉಯ್ಯಾಲೆಯ ಸರಪಳಿ ತೂಗುಹಾಕಿದ್ದ ಈ ಕೊಂಡಿ ಮುರಿದು ಏಳು ವರ್ಷದ ಮಗುವೊಂದು ಬಿದ್ದು ಕೊರಳೆಲುಬು ಮುರಿದುಕೊಂಡಿತು. ವೆಲ್ಡಿಂಗ್ ಬಿಟ್ಟುಕೊಂಡಿದೆ ಎಂದು ಯಾರೋ ಒಬ್ಬರು ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಎಲ್ಲೂ ಕೊರತೆಯಿಲ್ಲ. ಅಲ್ಲಿಂದ ಈಚೆಗೆ ಅವನ ಕೈಗೆ ಯಾರೂ ಕೆಲಸ ಕೊಟ್ಟಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ಸಂಘದ ಸಭೆ, ಶೆಡ್ಡು ಖಾಲಿ ಮಾಡಿಸುವುದೋ ಬೇಡವೋ ಎಂದು ತೀರ್ಮಾನ. ಶೆಡ್ಡು ಹೋದರೆ ಕೆಲಸವೂ ಹೋಯಿತು, ಮನೆಯೂ ಹೋಯಿತು.

"ತಪ್ಪು ವೆಲ್ಡಿಂಗಿನದಲ್ಲ ಅಂತ ಮೊಹರು ಹಾಕಿ ಕೊಡ್ತೀರಾ ಅಕ್ಕಾ?"

"ನೋಡದೆ ಏನೂ ಹೇಳಲ್ಲ. ನೋಡಿದ ಮೇಲೆ ಕಂಡಿದ್ದನ್ನ ನೀನೇ ಬರೀಬೇಕು."

ಏಳು ವರ್ಷದಿಂದ ನೂರಾರು ಮಕ್ಕಳಿಗೆ ಹೇಳಿದ ಮಾತು. ಇವತ್ತು ಅವಳ ಕಿವಿಗೇ ಅದು ಸ್ವಲ್ಪ ಒರಟಾಗಿ ಕೇಳಿಸಿತು.

ಕೊಂಡಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಮಕ್ಕಳಿಗೆ ತೋರಿಸಲು ಅದಕ್ಕೆ ಜೋಡಿಸಿದ್ದ ಟಿವಿ ಪರದೆ ಹಾಕದೆ ಮೊದಲು ತಾನೊಬ್ಬಳೇ ನೋಡಿದಳು. ಬಿರುಕು ಹುಟ್ಟಿದ ಜಾಗ ಹುಡುಕಲು ಹೊತ್ತು ಬೇಕಾಗಲಿಲ್ಲ. ಬೆಸುಗೆಯ ಅಂಚಿನಲ್ಲೇ ಉಗುರಿನಲ್ಲಿ ಗೀರಿದಷ್ಟು ಸಣ್ಣ ತೋಡು. ಕಾವು ಹೆಚ್ಚಾಗಿ, ಕೈ ಅವಸರ ಮಾಡಿದಾಗ ಬೆಸುಗೆ ಪಕ್ಕದ ಸರಳನ್ನು ತಿಂದು ಹಾಗೆ ತೋಡು ಬೀಳುತ್ತದೆ. ತಪ್ಪು ವೆಲ್ಡಿಂಗಿನದಲ್ಲ ಎಂದು ಬರೆಯುವ ಹಾಗಿರಲಿಲ್ಲ.

ತೋಡಿನಿಂದಾಚೆಗೆ ಕೆರೆಯ ನೀರು ಇಳಿಯುತ್ತ ದಡದಲ್ಲಿ ಬಿಡುವ ಗುರುತಿನ ಹಾಗೆ ಗೆರೆಯ ಹಿಂದೆ ಗೆರೆ. ಪ್ರತಿ ಗೆರೆಯೂ ಬಿರುಕು ಒಂದಿಷ್ಟು ದಿನ ನಿಂತು ಮತ್ತೆ ಮುಂದೆ ಹೋದದ್ದರ ಗುರುತು. ಒಂದೆರಡು ವರ್ಷ ಬೆಳೆದ ಬಿರುಕು. ತುಂಡನ್ನು ಸ್ವಲ್ಪ ವಾಲಿಸಿದಾಗ ಆ ಗೆರೆಗಳ ನಡುವೆ ಅವಳಿಗೆ ನೀಲಿ ಕಂಡಿತು. ಬಿರುಕಿನ ಬಾಯಿಂದ ಒಳಕ್ಕೆ ಇಳಿದು, ಅಲ್ಲೇ ಒಣಗಿದ ಬಣ್ಣ. ಹುಡುಗಿಗೆ ಕೊಡಲು ಏನೋ ಸಿಕ್ಕಿತಲ್ಲ ಎಂದು ಅಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ ತಡೆಯದೆ ಟಿವಿ ಹಾಕಿ ಪರದೆಯನ್ನು ಅವಳ ಕಡೆ ತಿರುಗಿಸಿದಳು.

"ಸುಳ್ಳು ಹೇಳಲ್ಲ ಕಣೇ. ಶುರುವಾಗಿದ್ದು ಇಲ್ಲಿ, ನಿಮ್ಮಪ್ಪ ಬೆಸುಗೆ ಹಾಕಿದ ಅಂಚಲ್ಲಿ. ಆದ್ರೆ ಇಲ್ಲಿ ನೋಡು. ಬಣ್ಣ ಬಿರುಕಿನ ಒಳಗಿದೆ. ಅಂದ್ರೆ ಬಣ್ಣ ಬಳಿಯೋ ಹೊತ್ತಿಗೇ ಬಿರುಕು ಕಣ್ಣಿಗೆ ಕಾಣೋ ಅಷ್ಟಿತ್ತು. ಬಳಿದವರು ಒಂದು ಮಾತು ಹೇಳಿದ್ರೆ ಸಾಕಿತ್ತು, ಆ ಮಗು ಬೀಳ್ತಿರಲಿಲ್ಲ."

ಕಬ್ಬಿಣದ ಮುಖ ಓದುವುದನ್ನು ಇಪ್ಪತ್ತಾರು ವರ್ಷ ಕಲಿತವಳಿಗೆ ಎದುರಿಗಿದ್ದ ಹುಡುಗಿಯ ಮುಖ ಓದಲು ಬರಲಿಲ್ಲ. ಬಣ್ಣ ಎಂದರೆ ಯಾರೋ ಪೇಂಟರು, ಯಾರೋ ಗುತ್ತಿಗೆಯವನು ಎಂದೇ ಅವಳು ತಿಳಿದಿದ್ದಳು.

"ಬಣ್ಣ ಬಳಿದಿದ್ದು ನಾನು," ಎಂದಳು ಹುಡುಗಿ.

ಕಳೆದ ರಜೆಯಲ್ಲಿ ಅಪ್ಪನಿಗೆ ನೆರವಾಗಲೆಂದು ಏಣಿ ಹತ್ತಿ ಎರಡು ಕೋಟು ಬಳಿದಿದ್ದಳಂತೆ. ಗೆರೆ ಕಂಡಿತ್ತೇ ಎಂದು ಅಕ್ಕ ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. ತಾನು ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎನಿಸಿತು. ಚೀಟಿಯನ್ನು ಹುಡುಗಿಯ ಮುಂದೆ ಸರಿಸಿ, ಮೂರನೇ ಸಾಲು ಬರೆಯಲೇಬೇಕು ಅಂತೇನಿಲ್ಲ, ಖಾಲಿ ಬಿಟ್ಟರೂ ಮೊಹರು ಹಾಕುತ್ತೇನೆ ಎಂದಳು. ಅಂಥ ರಿಯಾಯಿತಿ ಯಾವ ಮಗುವಿಗೂ ಅದುವರೆಗೆ ಸಿಕ್ಕಿರಲಿಲ್ಲ.

ಹುಡುಗಿ ಬೇಡವೆಂದು ತಲೆಯಾಡಿಸಿ ಪೆನ್ನು ತಗೊಂಡಳು. ಮೊದಲ ಸಾಲು, ಬೆಸುಗೆಯ ಅಂಚಿನಲ್ಲಿ. ಎರಡನೆಯದು, ಸುಮಾರು ಎರಡು ವರ್ಷ. ಮೂರನೆಯದರ ಮುಂದೆ ಪೆನ್ನು ನಿಂತಿತು. ಆಮೇಲೆ ದುಂಡಗೆ ಬರೆದಳು: ಬಣ್ಣ ಬಳಿದವಳು ಗೆರೆ ಕಂಡಾಗ ಅಪ್ಪನಿಗೆ ಹೇಳಿದ್ದರೆ ಉಳಿಯುತ್ತಿತ್ತು. ಕೆಳಗೆ ಅಕ್ಕ ಸಹಿ ಹಾಕಿದಳು. ಮೊಹರನ್ನೂ ಒತ್ತಿದಳು.

ನಾಲ್ಕು ಗಂಟೆಗೆ ಮಕ್ಕಳನ್ನು ಕರೆದೊಯ್ಯಲು ಮನೆಯವರು ಬಂದರು. ವೆಲ್ಡರ್ ತನ್ನ ಸಣ್ಣ ಗೂಡ್ಸ್ ಗಾಡಿಯನ್ನು ಹೊರಗೆ ನಿಲ್ಲಿಸಿ, ಬೂಟು ಕೊಳೆಯಾಗಿದೆ ಎಂದು ಬಾಗಿಲಲ್ಲೇ ನಿಂತ. ಅಂಗಿಯ ಎದೆಯ ತುಂಬ ಕಿಡಿ ಬಿದ್ದು ಸುಟ್ಟ ಸಣ್ಣಸಣ್ಣ ತೂತು. ನಿಂತಲ್ಲಿಂದಲೇ ಮೇಜಿನ ಮೇಲಿದ್ದ ಕೊಂಡಿ ಅವನ ಕಣ್ಣಿಗೆ ಬಿತ್ತು. ಮೂರು ವಾರದಿಂದ ಶೆಡ್ಡು ಪೂರ್ತಿ ಜಾಲಾಡಿದ್ದನಂತೆ. ಮಗಳ ಕಡೆ ನೋಡಿದ, ಬೈಯಲಿಲ್ಲ. ಬೂಟು ಕಳಚಿಟ್ಟು ಒಳಗೆ ಬಂದು, ತಾನೂ ನೋಡಬಹುದಾ ಎಂದು ಅಕ್ಕನನ್ನು ಕೇಳಿದ.

ಅವನು ಬಹಳ ಹೊತ್ತು ನೋಡಿದ. ತಾನು ಹಾಕಿದ ಬೆಸುಗೆಯನ್ನು ಇಷ್ಟು ಹತ್ತಿರದಿಂದ ಅವನು ಎಂದೂ ಕಂಡಿರಲಿಲ್ಲ. ಅಕ್ಕ ಏನನ್ನೂ ತೋರಿಸಿಕೊಡುವ ಅಗತ್ಯ ಬೀಳಲಿಲ್ಲ. ತೋಡು ಬಿದ್ದಿದೆ, ಅವತ್ತು ಕತ್ತಲಾಗುವುದರೊಳಗೆ ಮುಗಿಸಬೇಕೆಂದು ಓಡಿಸಿದ್ದೆ, ಇದು ನನ್ನದೇ ಎಂದು ತಾನಾಗಿಯೇ ಹೇಳಿದ. ಆಮೇಲೆ ಚೀಟಿ ತಗೊಂಡು ಕಣ್ಣಿನಿಂದ ದೂರ ಹಿಡಿದು ಓದಿದ. ಎರಡು ಸಲ ಓದಿದ.

"ಈ ಮೂರನೇ ಸಾಲು ಸುಳ್ಳು ಮೇಡಂ."

"ಅಪ್ಪಾ, ಬೇಡ," ಎಂದಳು ಮಗಳು.

"ಇವಳು ಹೇಳಿದ್ಲು. ಏಣಿ ಮೇಲಿಂದ ಕೂಗಿ ಹೇಳಿದ್ಲು, ಅಪ್ಪಾ ಇಲ್ಲೊಂದು ಗೆರೆ ಇದೆ ಅಂತ. ನಾನು ಕೆಳಗಡೆ ಬೇರೆ ಕೆಲಸದಲ್ಲಿದ್ದೆ. ತಲೆ ಎತ್ತಿ ಕೂಡ ನೋಡಲಿಲ್ಲ. ಬಳಿ, ಮುಚ್ಚೋಗುತ್ತೆ ಅಂದೆ."

ಹುಡುಗಿ ಅಳತೊಡಗಿದಳು. ಅಳುತ್ತಲೇ ತನ್ನ ಲೆಕ್ಕಾಚಾರ ಹೇಳಿದಳು. ತಪ್ಪು ತನ್ನದು ಎಂದರೆ ಚಿಕ್ಕವಳೆಂದು ನಾಲ್ಕು ಮಾತು ಬೈದು ಬಿಟ್ಟುಬಿಡುತ್ತಾರೆ, ಅಪ್ಪನದು ಎಂದರೆ ಶೆಡ್ಡು ಹೋಗುತ್ತದೆ. ಶೆಡ್ಡು ಉಳಿಸುವುದು ಹೇಗೆಂದು ಮೂರು ವಾರ ಯೋಚಿಸಿದ್ದಳು. ಬಣ್ಣ ಒಳಗಿಳಿದಿರುತ್ತದೆ, ಅಕ್ಕ ಅದನ್ನು ಕಂಡುಹಿಡಿಯುತ್ತಾರೆ ಎಂಬುದೊಂದು ಅವಳ ಲೆಕ್ಕದಲ್ಲಿರಲಿಲ್ಲ. ಕಂಡುಹಿಡಿದ ಮೇಲೆ ಉಳಿದದ್ದು ಇದೊಂದೇ ದಾರಿ. ವೆಲ್ಡರ್ ಮಗಳ ತಲೆಯ ಮೇಲೆ ಕೈಯಿಟ್ಟ. ಇಷ್ಟು ವರ್ಷದಲ್ಲಿ ಈ ಕೋಣೆಯಲ್ಲಿ ಎಷ್ಟೋ ಕಂಪನಿಯವರು ತಪ್ಪು ತಮ್ಮದಲ್ಲ ಎಂದು ವಾದಿಸಿದ್ದನ್ನು ಅಕ್ಕ ಕೇಳಿದ್ದಳು. ತಪ್ಪು ತನ್ನದು ಎಂದು ಇಬ್ಬರು ಜಗ್ಗಾಡಿದ್ದು ಇದೇ ಮೊದಲು.

ಮಾತು ಬೇರೆ ಕಡೆ ತಿರುಗಿಸಲೆಂದು ಅವಳು, ಆ ದಿನ ಇಂಥ ಕೊಂಡಿ ಎಷ್ಟು ಬೆಸೆದಿರಿ ಎಂದು ಕೇಳಿದಳು. ನಾಲ್ಕು ಎಂದ ವೆಲ್ಡರ್. ಒಂದೇ ಅಡ್ಡಕಂಬಿಗೆ ನಾಲ್ಕು, ಎರಡು ಉಯ್ಯಾಲೆಗೆ. ಅಕ್ಕ ಗೋಡೆಯ ಗಡಿಯಾರ ನೋಡಿದಳು. ಶನಿವಾರ ಸಂಜೆ, ನಾಲ್ಕೂ ಕಾಲು.

"ಆ ಇನ್ನೊಂದು ಉಯ್ಯಾಲೆ?"

"ಆಡ್ತಿರ್ತಾರೆ," ಎಂದ ವೆಲ್ಡರ್.

ಮೂರು ವಾರ ಇಡೀ ಬಡಾವಣೆ ಅವನನ್ನು ಬೈದಿತ್ತು. ಪಕ್ಕದ ಉಯ್ಯಾಲೆಯನ್ನು ಕಟ್ಟಿಹಾಕಬೇಕೆಂದು ಬೈದವರಿಗೂ ಹೊಳೆದಿರಲಿಲ್ಲ, ಬೈಸಿಕೊಂಡವನಿಗೂ ಹೊಳೆದಿರಲಿಲ್ಲ. ಹೇಗೆ ಮುರಿಯಿತು ಎಂದು ಇಪ್ಪತ್ತಾರು ವರ್ಷ ಕೇಳಿದ ಅಕ್ಕನೂ ಇದರ ಒಡಹುಟ್ಟಿದವು ಎಲ್ಲಿವೆ ಎಂದು ಅರ್ಧ ಗಂಟೆ ಕೇಳದೆ ಕೂತಿದ್ದಳು. ಅದಕ್ಕಾಗಿ ಅವಳು ತನ್ನನ್ನು ದಾರಿಯುದ್ದಕ್ಕೂ ಬೈದುಕೊಂಡಳು. ದಾರಿ ಎಂದರೆ ಗೂಡ್ಸ್ ಗಾಡಿಯ ಮುಂದಿನ ಸೀಟಿನಲ್ಲಿ ಮೂವರು ಒತ್ತಿಕೊಂಡು ಕೂತು ಹತ್ತು ನಿಮಿಷ. ಕೋಣೆಗೆ ಬೀಗ ಹಾಕಿದ್ದಳೋ ಇಲ್ಲವೋ ಅವಳಿಗೆ ನೆನಪಿರಲಿಲ್ಲ.

ಆಟದ ಬಯಲು ನಾಲ್ಕು ಕಟ್ಟಡಗಳ ನಡುವೆ ಇತ್ತು. ಉಯ್ಯಾಲೆಯ ಮೇಲೆ ಒಬ್ಬರಲ್ಲ, ಇಬ್ಬರು ಮಕ್ಕಳು ಎದುರುಬದುರಾಗಿ ನಿಂತು ಜೀಕುತ್ತಿದ್ದರು. ವೆಲ್ಡರ್ ಓಡಿಹೋಗಿ ಸರಪಳಿ ಹಿಡಿದು ನಿಲ್ಲಿಸಿ, ಇಬ್ಬರನ್ನೂ ಕಂಕುಳಲ್ಲಿ ಎತ್ತಿ ಕೆಳಗಿಳಿಸಿದ. ಮಕ್ಕಳು ರಂಪ ಮಾಡಿದರು. ಗಲಾಟೆಗೆ ಬೆಂಚಿನಿಂದ ದೊಡ್ಡವರು ಎದ್ದು ಬಂದರು, ಸಂಘದ ಕಾರ್ಯದರ್ಶಿಯೂ ಬಂದ. ನಾಳೆ ಸಭೆ ಇಟ್ಟುಕೊಂಡು ಇವತ್ತು ಇದೇನು ನಾಟಕ, ಇದನ್ನು ಮುಟ್ಟಲು ನಿನಗೆ ಯಾರು ಹೇಳಿದರು ಎಂದು ಕೇಳಿದ. ಬಿದ್ದ ಮಗುವಿನ ತಾಯಿ ಸ್ವಲ್ಪ ದೂರದಲ್ಲಿ ಕೈಕಟ್ಟಿ ನಿಂತಳು. ಮೂರು ವಾರದಿಂದ ಅವಳು ವೆಲ್ಡರ್ ಜೊತೆ ಒಂದು ಮಾತೂ ಆಡಿರಲಿಲ್ಲ.

ವೆಲ್ಡರ್ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಬಿರುಕು ತನ್ನ ಬೆಸುಗೆಯಲ್ಲಿ ಹುಟ್ಟಿದ್ದು, ಮಗಳು ಅದನ್ನು ಕಂಡು ಹೇಳಿದ್ದು, ಬಳಿದು ಮುಚ್ಚು ಎಂದು ತಾನು ಅಂದದ್ದು, ಒಂದನ್ನೂ ಬಿಡಲಿಲ್ಲ. ಕಾರ್ಯದರ್ಶಿ ಅಕ್ಕನ ಕಡೆ ತಿರುಗಿ ನೀವು ಯಾರು ಎಂದ. ವಿಶ್ವವಿದ್ಯಾಲಯದವಳು, ಅವರು ಹೇಳಿದ್ದು ನಿಜ, ನಾನು ನೋಡಿದ್ದೇನೆ ಎಂದಳು ಅಕ್ಕ. ಅಲ್ಲಿ ಅವಳು ಹೇಳಬಹುದಾಗಿದ್ದದ್ದು ಅಷ್ಟೇ.

ವೆಲ್ಡರ್ ಶೆಡ್ಡಿನಿಂದ ಏಣಿ ತಂದು ಹತ್ತಿ ಕೊಂಡಿಯ ಬಣ್ಣವನ್ನು ಚಾಕುವಿನಿಂದ ಕೆರೆದ. ಎಷ್ಟು ಹತ್ತಿರ ಮುಖ ಇಟ್ಟರೂ ಅವನಿಗೆ ಗೊತ್ತಾಗಲಿಲ್ಲ. ಬೆಸುಗೆಯ ಬೆಳಕು ವರ್ಷಗಟ್ಟಲೆ ತಿಂದ ಕಣ್ಣು. ಕೆಳಗಿಳಿದು ಮಗಳನ್ನು ಕರೆದು, ನೀನು ಹತ್ತಿ ನೋಡು ಎಂದ. ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಎತ್ತಿ ಅವಳನ್ನೇ ನೋಡುತ್ತ ನಿಂತ. ಇಲ್ಲ ಎನ್ನಲಿ ಎಂದು ಅಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು. ಇದೂ ಬಿರುಕು ಬಿಟ್ಟಿದ್ದರೆ ನಾಳೆ ಶೆಡ್ಡಿನ ಮಾತು ಮುಗಿದ ಹಾಗೆಯೇ. ಅದು ಹುಡುಗಿಗೂ ಗೊತ್ತಿತ್ತು. ಅವಳು ಮೊದಲನೇ ಕೊಂಡಿ ನೋಡಿದಳು, ಎರಡನೆಯದು ನೋಡಿದಳು, ಮತ್ತೆ ಮೊದಲನೆಯದಕ್ಕೆ ಬಂದಳು.

"ಇದೆ ಅಪ್ಪಾ," ಎಂದಳು. "ಇದರಲ್ಲೂ ಇದೆ."

"ಸರಿ, ಇಳಿ," ಎಂದು ವೆಲ್ಡರ್ ಗ್ರೈಂಡರ್ ತರಲು ಗಾಡಿಗೆ ಹೋದ.

ಉಯ್ಯಾಲೆ ಸರಪಳಿ ಸಮೇತ ನೆಲಕ್ಕೆ ಬಂದ ಮೇಲೆ ಕಾರ್ಯದರ್ಶಿ, ಇನ್ನು ನಾಳೆ ಸಭೆಯಲ್ಲಿ ಮಾತಾಡಲು ಏನೂ ಉಳಿದಿಲ್ಲ ಎಂದ. ಆಗ ಬಿದ್ದ ಮಗುವಿನ ತಾಯಿ ಮುಂದೆ ಬಂದಳು. ಅವಳ ಮುಖದಲ್ಲಿ ಕರುಣೆಯೇನೂ ಇರಲಿಲ್ಲ.

"ಈ ಬಡಾವಣೇಲಿ ಇನ್ನೆಲ್ಲೆಲ್ಲಿ ವೆಲ್ಡಿಂಗ್ ಮಾಡಿದ್ದೀರಿ?"

ವೆಲ್ಡರ್ ಯೋಚಿಸಿ ಹೇಳತೊಡಗಿದ. ಎರಡನೇ ಕಟ್ಟಡದ ಮೆಟ್ಟಿಲ ಕಂಬಿ, ನೀರಿನ ಟ್ಯಾಂಕಿನ ಏಣಿ, ಪಾರ್ಕಿಂಗಿನ ಚಾವಣಿ. ಹನ್ನೊಂದು ವರ್ಷದ ಕೆಲಸ. ಮಗಳು ಚೀಟಿಯ ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದಳು. ತಾಯಿ ಅವನನ್ನು ನಡುವೆ ತಡೆದು ಕಾರ್ಯದರ್ಶಿಯ ಕಡೆ ತಿರುಗಿದಳು. ಈ ಪಟ್ಟಿ ಇರುವುದು ಇವರ ತಲೆಯಲ್ಲಿ, ಯಾವುದನ್ನು ಅವಸರದಲ್ಲಿ ಮಾಡಿದ್ದಾರೆ ಎಂಬುದೂ ಇವರಿಗೇ ಗೊತ್ತಿರುವುದು, ಇವರನ್ನು ಓಡಿಸಿಬಿಟ್ಟರೆ ಆಮೇಲೆ ಯಾರನ್ನು ಕೇಳುತ್ತೀರಿ ಎಂದಳು.

"ಒಂದೊಂದನ್ನೂ ತೋರಿಸಿ, ನೋಡಿಸಿ, ಸರಿ ಮಾಡೋವರೆಗೂ ನೀವು ಎಲ್ಲಿಗೂ ಹೋಗೋ ಹಾಗಿಲ್ಲ. ಗೊತ್ತಾಯ್ತಾ? ಹೇಳಿ, ಇನ್ನೆಲ್ಲಿ?"

ವೆಲ್ಡರ್ ತಲೆ ಎತ್ತಿದ.

"ನಿಮ್ಮನೆ ಬಾಲ್ಕನಿ ಕಂಬಿ," ಎಂದ.

ಅವಳು ತಿರುಗಿ ಮೇಲೆ ನೋಡಿದಳು. ಅಕ್ಕನೂ ನೋಡಿದಳು. ಮೂರನೇ ಮಹಡಿಯಲ್ಲಿ, ಕೊರಳಿಗೆ ಪಟ್ಟಿ ಕಟ್ಟಿ ಕೈ ನೇತುಹಾಕಿಕೊಂಡ ಮಗುವೊಂದು ಕಂಬಿಗೆ ಎದೆ ಆನಿಸಿ ಬಗ್ಗಿ, ಕೆಳಗೆ ಏನಾಗುತ್ತಿದೆ ಎಂದು ನೋಡುತ್ತಿತ್ತು. ತಾಯಿ ಕೂಗಿಕೊಳ್ಳಲಿಲ್ಲ. ಕೈಯೆತ್ತಿ, ಹಿಂದೆ ಸರಿ, ಒಳಗೆ ಹೋಗು ಎಂದು ಮೆಲ್ಲಗೆ ಸನ್ನೆ ಮಾಡಿದಳು. ಮಗು ಒಳಗೆ ಹೋಯಿತು.

"ಅದನ್ನೇ ಮೊದಲು ನೋಡಿ," ಎಂದಳು.

ವೆಲ್ಡರ್ ಚಾಕು ಜೇಬಿಗೆ ಹಾಕಿಕೊಂಡ. ಅವನಿಗಿಂತ ಮೊದಲೇ ಅವನ ಮಗಳು ಮೆಟ್ಟಿಲ ಕಡೆ ಹೊರಟಿದ್ದಳು.